ಪಾಕೀಜಾದ ಹಾಡು ಯಾರದ್ದು?

ಕಳೆದ ಸಂಚಿಕೆಯಲ್ಲಿ ಯಾವುದೋ ಮಾತಿಗೆ ‘ಪಾಕೀಜಾ’ ಎಂಬ ಹಿಂದಿ ಚಿತ್ರದ ಹಾಡುಗಳ ಬಗ್ಗೆ ಒಂದೇ ಒಂದು ಸಾಲು ಬರೆದಿದ್ದೆ. ಅಷ್ಟಕ್ಕೇ ಕಾಗದಗಳು ದಬದಬ ಬಿದ್ದಿವೆ. ಹಾಗಾಗಿ ಈ ಸಲ ಉಳಿದ ಪ್ರಶ್ನೆಗಳಿಗೆಲ್ಲ ರಜೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಹಿಂದಿ ಕಲಿಸಿದವಳು ನಾನು. ವ್ಯಾಕರಣ ಕೇಳಿದರೆ ಈಗಲೂ ಆಕಳಿಕೆ ಬರುತ್ತದೆ, ಹಾಡು ಕೇಳಿದರೆ ಮೈಯೆಲ್ಲ ಕಿವಿ.

ಮನೆಯಲ್ಲಿ ಪಂಥ ನಡೆದಿದೆ ಟೀಚರ್. ಪಾಕೀಜಾ ಸಂಗೀತ ನೌಷಾದ್ ಅವರದ್ದು ಅಂತ ಮಾವ, ಗುಲಾಂ ಮೊಹಮ್ಮದ್ ಅವರದ್ದು ಅಂತ ನಾನು. ಸೋತವರು ಒಂದು ವಾರ ಪಾತ್ರೆ ತೊಳೆಯಬೇಕು. ತೀರ್ಪು ಕೊಡಿ. (ದಾವಣಗೆರೆಯ ಸೊಸೆ)

ನಿಮ್ಮ ಮಾವನಿಗೆ ಐದು ದಿನ, ನಿಮಗೆ ಎರಡು ದಿನ.

ಎಲ್ಲರ ಬಾಯಲ್ಲಿರುವ ಹಾಡುಗಳು, ಅಂದರೆ ‘ಚಲ್ತೇ ಚಲ್ತೇ’, ‘ಇನ್ಹೀ ಲೋಗೋಂ ನೇ’, ‘ಠಾಡೇ ರಹಿಯೋ’, ‘ಮೌಸಮ್ ಹೈ ಆಶಿಕಾನಾ’, ‘ಚಲೋ ದಿಲ್‌ದಾರ್ ಚಲೋ’, ಇವೆಲ್ಲ ಗುಲಾಂ ಮೊಹಮ್ಮದ್ ಅವರವು. ಹಿನ್ನೆಲೆ ಸಂಗೀತ ನೌಷಾದ್ ಅವರದ್ದು. ಇಬ್ಬರ ಹೆಸರು ಯಾಕೆ ಬಂತು ಅಂದರೆ, ಚಿತ್ರ ತೆರೆಗೆ ಬಂದದ್ದು 1972ರ ಫೆಬ್ರವರಿಯಲ್ಲಿ, ಗುಲಾಂ ಮೊಹಮ್ಮದ್ ಕಣ್ಣು ಮುಚ್ಚಿದ್ದು 1968ರ ಮಾರ್ಚಿನಲ್ಲಿ. ತಾನು ಕಟ್ಟಿದ ಹಾಡಿಗೆ ನಾಯಕಿ ಮೀನಾ ಕುಮಾರಿ ಹೆಜ್ಜೆ ಹಾಕುವುದನ್ನು ಅವರು ಪರದೆಯ ಮೇಲೆ ನೋಡಲೇ ಇಲ್ಲ. ನಿರ್ದೇಶಕ ಕಮಾಲ್ ಅಮ್ರೋಹಿ ಈ ಚಿತ್ರ ಶುರು ಮಾಡಿದ್ದು ಐವತ್ತರ ದಶಕದಲ್ಲಿ. ಅದು ಮುಗಿಯುವ ಹೊತ್ತಿಗೆ ಹಿಂದಿ ಹಾಡಿನ ಗಾಳಿಯೇ ಬೇರೆ ಕಡೆ ತಿರುಗಿತ್ತು, ಆರ್. ಡಿ. ಬರ್ಮನ್ ಗಿಟಾರ್, ಡ್ರಮ್ ಹಿಡಿದು ಕುಣಿಸುತ್ತಿದ್ದ ಕಾಲ. ಆದರೂ ಅಮ್ರೋಹಿ ಈ ಹಾಡುಗಳನ್ನು ಬದಲಾಯಿಸಲಿಲ್ಲ.

ಗುಲಾಂ ಮೊಹಮ್ಮದ್ ರಾಜಸ್ಥಾನದ ಬಿಕಾನೇರ್ ಕಡೆಯವರು, ತಾಳವಾದ್ಯದ ಕೈ. ‘ಆನ್’ (1952) ವರೆಗೂ ನೌಷಾದ್ ಅವರಿಗೆ ಸಹಾಯಕರಾಗಿದ್ದವರು. ಸ್ವತಂತ್ರವಾಗಿ ಮಾಡಿದ ‘ಮಿರ್ಜಾ ಗಾಲಿಬ್’ (1954) ಹಾಡುಗಳನ್ನು ಸುರೈಯ್ಯಾ, ತಲತ್ ಮಹಮೂದ್ ದನಿಯಲ್ಲಿ ಕೇಳಿದವರು ಮರೆಯುವುದಿಲ್ಲ. ಮುಂದೆ ಆ ಸಹಾಯಕನ ಕೊನೆಯ ಕೆಲಸ ಅರ್ಧಕ್ಕೆ ನಿಂತಾಗ ಯಜಮಾನನೇ ಬಂದು ಕೂತು ಮುಗಿಸಿಕೊಟ್ಟರು. ನಿಮ್ಮ ಮಾವನಿಗೆ ಎರಡು ದಿನ ಮಾಫಿ ಕೊಟ್ಟದ್ದು ಅದಕ್ಕೇ.

ಬೇಕಾದರೆ ಅವರನ್ನು ಕೂರಿಸಿ ‘ಠಾಡೇ ರಹಿಯೋ’ ಕೇಳಿಸಿ. ರಾಗ ಮಾಂಡ್, ರಾಜಸ್ಥಾನದ ಮರಳಿನಲ್ಲಿ ಹುಟ್ಟಿದ್ದು. ಲತಾ ಅವರನ್ನು ಒಂದು ಸಲಕ್ಕೆ ಪಕ್ಕಕ್ಕಿಟ್ಟು ತಬಲಾದ ಕಡೆ ಮಾತ್ರ ಗಮನ ಕೊಡಿ. ತಡೆತಡೆದು ನಡೆಯುತ್ತಿದ್ದ ಲಯ ಎಲ್ಲಿ ಮಗ್ಗುಲು ಬದಲಿಸಿ ಓಟ ಕೀಳುತ್ತದೆ ನೋಡಿ. ಊರು ಮತ್ತು ಕಸುಬು ಎರಡೂ ಒಂದೇ ಹಾಡಿನಲ್ಲಿ ಸಹಿ ಹಾಕಿವೆ.

‘ಇನ್ಹೀ ಲೋಗೋಂ ನೇ’ ಹಾಡಿನಲ್ಲಿ ‘ಬಜಜ್‌ವಾ’ ಅಂತ ಬರುತ್ತದಲ್ಲ, ಏನದು? (ಸಾಗರ)

ನನ್ನ ಒಂಬತ್ತನೇ ತರಗತಿಯ ಹುಡುಗನೊಬ್ಬ ಇದಕ್ಕೆ ಬಜಾಜ್ ಸ್ಕೂಟರ್ ಅಂತ ಅರ್ಥ ಹೇಳಿದ್ದ. ಇಡೀ ಕ್ಲಾಸು ನಕ್ಕಿತು, ನಾನೂ ನಕ್ಕೆ. ಮನೆಗೆ ಹೋಗಿ ನಿಘಂಟು ತೆಗೆದರೆ ಹುಡುಗ ಪೂರ್ತಿ ತಪ್ಪಿರಲಿಲ್ಲ! ಬಜಾಜ್ ಎಂಬ ಮನೆತನದ ಹೆಸರು ಬಂದದ್ದೇ ‘ಬಜ್ಜಾಜ್’ ಎಂಬ ಪದದಿಂದ. ಬಟ್ಟೆ ವ್ಯಾಪಾರಿ ಎಂದರ್ಥ. ಮಾರನೇ ದಿನ ಅವನನ್ನು ಕರೆದು ಅರ್ಧ ಅಂಕ ಕೊಟ್ಟೆ.

ಹಾಡಿನ ಹುರುಪು ಇರುವುದು ಅದರ ವಾದದಲ್ಲಿ. ಇವರೇ ನನ್ನ ದುಪಟ್ಟಾ ಕಸಿದುಕೊಂಡವರು ಅಂತ ನರ್ತಕಿ ತುಂಬಿದ ಸಭೆಯಲ್ಲಿ ಬೆರಳು ತೋರಿಸುತ್ತಾಳೆ. ಬರೀ ದೂರಲ್ಲ, ಸಾಕ್ಷಿಗಳನ್ನೂ ಕರೆಯುತ್ತಾಳೆ. ಮೊದಲ ಸಾಕ್ಷಿ ಬಜಜ್‌ವಾ, ಗಜಕ್ಕೊಂದು ಅಶರಫಿಯಂತೆ ಬಟ್ಟೆ ಕೊಟ್ಟವನು. ಅಶರಫಿ ಅಂದರೆ ಚಿನ್ನದ ನಾಣ್ಯ. ಎರಡನೆಯವನು ರಂಗ್‌ರೇಜ್‌ವಾ, ಅದಕ್ಕೆ ಗುಲಾಬಿ ಬಣ್ಣ ಹಾಕಿದ ಬಣ್ಣಗಾರ. ಮೂರನೆಯವನು ಸಿಪಹಿಯಾ. ಪೊಲೀಸು ಸಾಕ್ಷಿ ಅಂದುಕೊಂಡಿರೋ ಕೆಟ್ಟಿರಿ, ಬಜಾರಿನಲ್ಲಿ ಕಸಿದುಕೊಂಡವನೇ ಅವನು! ಹಾಡು ಕುಣಿದುಕೊಂಡು ಹೋಗುತ್ತದೆ, ನಾವೂ ತಲೆದೂಗುತ್ತೇವೆ, ಅಷ್ಟರಲ್ಲಿ ಅವಳು ಆರೋಪಪಟ್ಟಿ ಓದಿ ಮುಗಿಸಿರುತ್ತಾಳೆ. ಮಾತುಗಳು ಮಜ್‌ರೂಹ್ ಸುಲ್ತಾನ್‌ಪುರಿ ಅವರವು. ಪಲ್ಲವಿ ಮಾತ್ರ ಹಳೆಯದು, 1941ರ ‘ಹಿಮ್ಮತ್’ ಚಿತ್ರದಲ್ಲೇ ಶಮ್ಷಾದ್ ಬೇಗಂ ಹಾಡಿದ್ದರು.

‘ವಾ’ ಸೇರಿದ್ದು ಯಾಕೆ ಅಂತಲೂ ಕೇಳಿದ್ದೀರಿ. ಅದು ಪೂರಬಿಯ, ಅಂದರೆ ಪೂರ್ವದ ಕಡೆಯ ಹಿಂದಿಯ ಸಲಿಗೆ. ನಾವು ರಾಮನನ್ನು ರಾಮಣ್ಣ ಮಾಡುವುದಿಲ್ಲವೇ, ಹಾಗೆ. ಆ ಕಾಲಕ್ಕೆ ನಮ್ಮ ಹಿಂದಿ ಪರೀಕ್ಷೆಯ ಪುಸ್ತಕಗಳಲ್ಲಿ ಇಂಥ ಒಂದು ಪದವೂ ಇರಲಿಲ್ಲ. ಇದ್ದಿದ್ದರೆ ಇನ್ನಷ್ಟು ಮಕ್ಕಳು ಪಾಸಾಗುತ್ತಿದ್ದರು.

‘ಚಲ್ತೇ ಚಲ್ತೇ’ ಹಾಡಿನಲ್ಲಿ ರೈಲಿನ ಸಿಳ್ಳೆ ಯಾಕೆ? (ಅರಸೀಕೆರೆ)

ಜಂಕ್ಷನ್ ಊರಿನವರೇ ಕೇಳಬೇಕಾದ ಪ್ರಶ್ನೆ. ಚಿತ್ರದಲ್ಲಿ ನಾಯಕಿ ಸಾಹಿಬ್‌ಜಾನ್ ರೈಲಿನಲ್ಲಿ ಮಲಗಿರುವಾಗ ಡಬ್ಬಿಗೆ ಬಂದ ಅಪರಿಚಿತನೊಬ್ಬ ಅವಳ ಪಾದದ ಬಳಿ ಚೀಟಿ ಇಟ್ಟು ಹೋಗಿರುತ್ತಾನೆ. ನಿಮ್ಮ ಪಾದಗಳು ತುಂಬ ಚೆನ್ನಾಗಿವೆ, ನೆಲಕ್ಕೆ ಇಡಬೇಡಿ, ಕೊಳೆಯಾಗುತ್ತವೆ ಅಂತ. ನೆಲಕ್ಕೆ ಕಾಲಿಡದೆ ಅನ್ನ ಹುಟ್ಟದ ನರ್ತಕಿಗೆ ಬರೆದ ಚೀಟಿ ಅದು! ಅಲ್ಲಿಂದ ಅವಳಿಗೆ ರೈಲಿನ ಸಿಳ್ಳೆ ಅಂದರೆ ಆ ಚೀಟಿ. ಕೈಫಿ ಆಜ್ಮಿ ಬರೆದ ಸಾಲುಗಳಲ್ಲೂ ದಾರಿಯಲ್ಲಿ ಹೀಗೇ ಸಿಕ್ಕವನ ಮಾತೇ ಇದೆ. ಹಾಡು ಮುಗಿಯುವಾಗ ದೀಪಗಳು ಆರುತ್ತಿವೆ ಅನ್ನುತ್ತಾಳೆ, ಸಿಳ್ಳೆ ಕೂಗುತ್ತದೆ. ಸಭೆಯಲ್ಲಿ ಕೂತ ಯಾರಿಗೂ ಅದು ಏನೂ ಅಲ್ಲ.

ವಾಣಿ ಜಯರಾಂ ಪಾಕೀಜಾದಲ್ಲಿ ಹಾಡಿದ್ದಾರೆ ಅಂತ ಗೆಳೆಯ ಹೇಳಿದ. ನನ್ನ ಕ್ಯಾಸೆಟ್ಟಿನಲ್ಲಿ ಎಲ್ಲೂ ಇಲ್ಲ. (ಮೈಸೂರು)

ಗೆಳೆಯ ಹೇಳಿದ್ದು ನಿಜ. ‘ಈ ಶತಮಾನದ ಮಾದರಿ ಹೆಣ್ಣು’ ಹಾಡಿದ ಅದೇ ವಾಣಿ ಜಯರಾಂ. ಚಿತ್ರದಲ್ಲಿ ಹಿನ್ನೆಲೆಗೆ ಕೆಲವು ಠುಮ್ರಿ (ಲಘು ಶಾಸ್ತ್ರೀಯ ಗಾಯನ) ತುಣುಕುಗಳು ತೇಲಿ ಬರುತ್ತವೆ, ಪೂರ್ತಿ ಹಾಡುಗಳಲ್ಲ. ‘ಮೋರಾ ಸಾಜನ್’ ವಾಣಿ ಅವರದ್ದು, ‘ಕೌನ್ ಗಲೀ ಗಯೋ ಶ್ಯಾಮ್’ ಪರ್ವೀನ್ ಸುಲ್ತಾನಾ ಅವರದ್ದು, ‘ನಜರಿಯಾ ಕೀ ಮಾರೀ’ ರಾಜಕುಮಾರಿ ಅವರದ್ದು. ಈ ರಾಜಕುಮಾರಿ ನಲವತ್ತರ ದಶಕದ ದೊಡ್ಡ ದನಿ, ಅಮ್ರೋಹಿ ಅವರದ್ದೇ ‘ಮಹಲ್’ (1949) ಚಿತ್ರದಲ್ಲೂ ಹಾಡಿದ್ದವರು. ನಮ್ಮ ಬೆಳಗಾವಿಯಲ್ಲಿ ಹುಟ್ಟಿದ ಶೋಭಾ ಗುರ್ಟು ಕೂಡ ಪಾಕೀಜಾಕ್ಕೆ ದನಿ ಕೊಟ್ಟಿದ್ದಾರೆ.

ಹಾಡಿನ ಆಲ್ಬಮ್ ಬೇರೆ, ಚಿತ್ರದ ಕಿವಿ ಬೇರೆ. ಮಾರಾಟವಾಗುವ ಹಾಡುಗಳು ಗ್ರಾಮೊಫೋನ್ ತಟ್ಟೆಗೆ ಹೋಗುತ್ತವೆ, ನರ್ತಕಿಯರ ಕೋಠಾದ ಓಣಿಗೆ ಜೀವ ಕೊಟ್ಟ ದನಿಗಳು ಥಿಯೇಟರಿನಲ್ಲೇ ಉಳಿಯುತ್ತವೆ. ಈ ಸಲ ಚಿತ್ರ ನೋಡುವಾಗ ಕಣ್ಣು ಸ್ವಲ್ಪ ಮುಚ್ಚಿ.

ನಟ ಪ್ರಾಣ್ ತಮಗೆ ಬಂದ ಪ್ರಶಸ್ತಿ ಬೇಡ ಅಂದದ್ದು ಪಾಕೀಜಾಕ್ಕಾಗಿಯೇ? (ರಾಯಚೂರು)

ಹೌದು. ‘ಬೇಯಿಮಾನ್’ ಚಿತ್ರದ ಪೋಷಕ ನಟನೆಗೆ ಅವರಿಗೆ ಫಿಲಂಫೇರ್ ಬಂತು, ಆ ವರ್ಷದ ಸಂಗೀತ ಪ್ರಶಸ್ತಿಯೂ ಅದೇ ಚಿತ್ರಕ್ಕೆ, ಶಂಕರ್-ಜೈಕಿಶನ್ ಹೆಸರಿಗೆ ಹೋಯಿತು. ಅದು ಗುಲಾಂ ಮೊಹಮ್ಮದ್ ಅವರಿಗೆ ಸಲ್ಲಬೇಕಿತ್ತು ಅಂತ ಪ್ರಾಣ್ ತಮ್ಮದನ್ನು ನಿರಾಕರಿಸಿದರು. ತಮ್ಮದೇ ಚಿತ್ರ ಗೆದ್ದಾಗ ಎದುರು ಪಾರ್ಟಿಯ ಪರವಾಗಿ ನಿಲ್ಲುವುದಕ್ಕೆ ಎದೆ ಬೇಕು, ಅದೂ ತೆರೆಯ ಮೇಲೆ ವರ್ಷಗಟ್ಟಲೆ ಖಳನಾಗಿದ್ದವರಿಗೆ. ಒಂದು ವಿಚಿತ್ರ ನೋಡಿ: ಜೈಕಿಶನ್ ಕೂಡ 1971ರಲ್ಲೇ ತೀರಿಕೊಂಡಿದ್ದರು. ಪೈಪೋಟಿಯ ಎರಡೂ ಕಡೆ ಇಲ್ಲದವರೊಬ್ಬರಿದ್ದರು.

ಅಜ್ಜನ ಪೆಟ್ಟಿಗೆಯಲ್ಲಿ ಹಳೆಯ ತಟ್ಟೆಗಳು ಸಿಕ್ಕಿವೆ, ಬೂಷ್ಟು ಹಿಡಿದಿದೆ. ಸ್ಪಿರಿಟ್ ಹಾಕಿ ಒರೆಸಲೇ? (ಪುತ್ತೂರು)

ತಡೆಯಿರಿ! ಮೊದಲು ಯಾವ ತಟ್ಟೆ ಅಂತ ನೋಡಿ. ನಿಮಿಷಕ್ಕೆ 78 ಸುತ್ತಿನ ವೇಗದ, ತೂಕದ, ಬಿದ್ದರೆ ಒಡೆಯುವ ತಟ್ಟೆಯಾದರೆ ಅದು ಅರಗಿನದು. ಸ್ಪಿರಿಟ್ ತಾಗಿದರೆ ಅರಗು ಕರಗುತ್ತದೆ, ಹಾಡೂ ಹೋಗುತ್ತದೆ. ಪಾಕೀಜಾ ಕಾಲದ ಎಲ್‌ಪಿ ತಟ್ಟೆ ವಿನೈಲ್ ಎಂಬ ಪ್ಲಾಸ್ಟಿಕ್ಕಿನದು, ಬಾಗುತ್ತದೆ. ಎರಡಕ್ಕೂ ಡಿಸ್ಟಿಲ್ಡ್ ನೀರು, ಮೆತ್ತನೆ ಬಟ್ಟೆ ಸಾಕು. ಗೆರೆ ಹೋದ ಹಾಗೇ ಸುತ್ತ ಒರೆಸಿ, ಅಡ್ಡಡ್ಡ ಉಜ್ಜಬೇಡಿ, ನಡುವಿನ ಚೀಟಿ ನೆನೆಸಬೇಡಿ. ಒಣಗಿದ ಮೇಲೆ ನಿಲ್ಲಿಸಿಡಿ, ಒಂದರ ಮೇಲೊಂದು ಪೇರಿಸಬೇಡಿ.

ಆ ಹಾಡುಗಳನ್ನು ನನ್ನ ಯೂಟ್ಯೂಬ್ ಚಾನೆಲ್ಲಿಗೆ ಹಾಕಬಹುದೇ? ಹಳೆಯದಲ್ಲವೇ? (ಬೆಂಗಳೂರು)

ಕಾನೂನಿನ ಲೆಕ್ಕದಲ್ಲಿ ಹಳೆಯದಲ್ಲ. ನಮ್ಮಲ್ಲಿ ಧ್ವನಿಮುದ್ರಣಕ್ಕೆ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಹಕ್ಕು. 1972ರದ್ದಾದರೆ 2032 ಮುಗಿಯಬೇಕು. ಸಾಹಿತ್ಯದ ಗಡಿಯಾರ ಬೇರೆ, ಕವಿ ತೀರಿಕೊಂಡ ಮೇಲೆ 60 ವರ್ಷ. ಮಜ್‌ರೂಹ್ ಹೋದದ್ದು 2000ದಲ್ಲಿ, ಎಣಿಸಿಕೊಳ್ಳಿ. ಅಲ್ಲಿವರೆಗೆ ನೀವೇ ಹಾಡಿ ರೂಢಿ ಮಾಡಿಕೊಂಡಿರಿ.

ಪಾಕೀಜಾದ ಇನ್ನೊಂದು ಎಲ್‌ಪಿ ಇದೆಯಂತೆ, ನಿಮ್ಮ ಹತ್ತಿರ ಇದೆಯೇ? (ಗದಗ)

ಇದೆ ಅಂತ ಹೇಳುವುದೋ ಇತ್ತು ಅಂತ ಹೇಳುವುದೋ. ‘ಪಾಕೀಜಾ ರಂಗ್ ಬರಂಗ್’, ಎಚ್‌ಎಂವಿ ಕಂಪನಿ 1977ರಲ್ಲಿ ತಂದದ್ದು. ಗುಲಾಂ ಮೊಹಮ್ಮದ್ ಮಾಡಿ ಚಿತ್ರದೊಳಗೆ ಸೇರದೆ ಉಳಿದ ಹಾಡುಗಳು. ಅಷ್ಟು ಹೊತ್ತಿಗೆ ಅವರು ತೀರಿಕೊಂಡು ಒಂಬತ್ತು ವರ್ಷ. ಮೀನಾ ಕುಮಾರಿ ಕೂಡ ಇರಲಿಲ್ಲ, ಚಿತ್ರ ಬಂದ ಎರಡೇ ತಿಂಗಳಿಗೆ, 1972ರ ಮಾರ್ಚ್ 31ರಂದು ಹೋಗಿಬಿಟ್ಟಿದ್ದರು. ಕುಣಿಯುವವರಿಲ್ಲದ ಹಾಡುಗಳು ಅವು. ಲತಾ ಹಾಡಿದ ‘ತನ್‌ಹಾಯೀ ಸುನಾಯಾ ಕರ್ತೀ ಹೈ’ ಕೇಳಿ, ಚಿತ್ರದೊಳಗೆ ಹೋದ ಯಾವ ಹಾಡಿಗೂ ಅದು ಕಡಿಮೆಯಲ್ಲ ಅಂತ ನನ್ನ ಹಟ. ಕಣ್ಣಿಗೆ ಏನೂ ತೋರದ್ದರಿಂದ ರಾಗ ಒಂದೇ ಎದುರು ಬಂದು ಕೂರುತ್ತದೆ.

ವಿವಿಧ ಭಾರತಿಯವರು ಹಾಡಿನ ಜೊತೆ ಸಂಗೀತಗಾರರ ಹೆಸರನ್ನೂ ಹೇಳುತ್ತಿದ್ದರಿಂದ ಹದಿನಾಲ್ಕನೇ ವಯಸ್ಸಿಗೆ ನನಗೆ ಗುಲಾಂ ಮೊಹಮ್ಮದ್ ಎಂಬ ಹೆಸರು ಬಾಯಿಪಾಠವಾಗಿತ್ತು. ಕೆಲಸಕ್ಕೆ ಸೇರಿ ಕೆಲವು ವರ್ಷ ಆದ ಮೇಲೆ ಆ ಹೆಸರಿಗಾಗಿಯೇ ರಂಗ್ ಬರಂಗ್ ಹುಡುಕಿ ಕೊಂಡೆ. ಜತೆಯಲ್ಲಿ ಗಣಿತ ಕಲಿಸುತ್ತಿದ್ದವರೊಬ್ಬರು, ಶನಿವಾರ ಒಯ್ದು ಸೋಮವಾರ ತರುತ್ತೇನೆ ಅಂದರು. ಆಮೇಲೆ ಅವರಿಗೆ ವರ್ಗವಾಯಿತು, ನಿವೃತ್ತಿಯಾಯಿತು, ಮೊಮ್ಮಕ್ಕಳೂ ಆದವು. ಈ ಪುಟವನ್ನು ತಪ್ಪದೆ ಓದುತ್ತಾರೆ ಅಂತ ನನಗೆ ಗೊತ್ತು. ಸರ್, ಸೋಮವಾರ ಇನ್ನೂ ಬಂದಿಲ್ಲ.