ಸಭೆಯು ಎತ್ತಲ್ಪಡುವುದು ಮಹಾಸಂಕಟಕ್ಕೆ ಮೊದಲೋ, ನಂತರವೋ?

ಕ್ರಿಸ್ತನು ಬರುವಾಗ ವಿಶ್ವಾಸಿಗಳು ಆತನನ್ನು ಎದುರುಗೊಳ್ಳಲು ಆಕಾಶಕ್ಕೆ ಒಯ್ಯಲ್ಪಡುವುದನ್ನು ಸಭೆಯು ಎತ್ತಲ್ಪಡುವುದು ಎನ್ನುತ್ತಾರೆ; ಮಹಾಸಂಕಟವೆಂದರೆ ಅಂತ್ಯಕಾಲದ ಘೋರ ಸಂಕಟದ ಅವಧಿ. ಪಿಂಪ್ರಿಯ ನಿಮ್ಮ ಕನ್ನಡ ಪ್ರಾರ್ಥನಾ ಕೂಟದಲ್ಲಿ ಒಬ್ಬ ಬೋಧಕರು ಮೊದಲೆಂದೂ ಇನ್ನೊಬ್ಬರು ನಂತರವೆಂದೂ ಹೇಳುತ್ತಿರುವುದಕ್ಕೆ ಕಾರಣ, ಬಹುಶಃ, 1 ಥೆಸಲೋನಿಕ 4:16-17 ಮತ್ತು ಮತ್ತಾಯ 24:29-31 ವರ್ಣಿಸುವುದು ಒಂದೇ ಘಟನೆಯನ್ನೋ ಎರಡನ್ನೋ ಎಂಬ ಭಿನ್ನಾಭಿಪ್ರಾಯ. ಮೊದಲು ಆ ಎರಡು ಭಾಗಗಳನ್ನು ಒಟ್ಟಿಗೆ ಓದಿರಿ. ಬಳಿಕ 2 ಥೆಸಲೋನಿಕ 2:1-4 ನೋಡಿರಿ. ಅಧರ್ಮಸ್ವರೂಪನು (ದೇವರನ್ನು ಎದುರಿಸಿ ತಾನೇ ದೇವರೆಂದು ತೋರಿಸಿಕೊಳ್ಳುವವನು) ಮೊದಲು ಬಯಲಿಗೆ ಬರಬೇಕೆಂಬ ಅಲ್ಲಿಯ ಮಾತು, ‘ನಂತರ’ ಎನ್ನುವವರಿಗೆ ಬಲವಾದ ಆಧಾರ. ‘ಮೊದಲು’ ಎನ್ನುವವರು, ಶೋಧನೆಯ ಸಮಯದಿಂದ ಕಾಪಾಡುವೆನೆಂಬ ವಾಗ್ದಾನವಿರುವ ಪ್ರಕಟನೆ 3:10ನ್ನು ಮುಂದಿಡುತ್ತಾರೆ, ಆದರೆ ಆ ವಚನವೊಂದರಿಂದಲೇ ವಿಷಯ ತೀರ್ಮಾನವಾಗದು. ಅವರ ಬೋಧನೆಯು 1830ರ ದಶಕದಲ್ಲಿ ಬೋಧಕ ಜಾನ್ ನೆಲ್ಸನ್ ಡಾರ್ಬಿಯವರಿಂದ ವ್ಯವಸ್ಥಿತ ರೂಪ ಪಡೆದು, 1909ರ ಸ್ಕೋಫೀಲ್ಡ್ ಬೈಬಲ್ ಎಂಬ ಟಿಪ್ಪಣಿ ಸಹಿತ ಬೈಬಲಿನ ಮೂಲಕ ವ್ಯಾಪಕವಾಗಿ ಹರಡಿತು (ಈಚಿನದೆಂಬ ಕಾರಣಕ್ಕೇ ಅದನ್ನು ತಪ್ಪೆನ್ನಲಾಗದು). ಇವನ್ನೆಲ್ಲ ಓದಿದ ಮೇಲೆ, 2 ಥೆಸಲೋನಿಕ 2:1ರ ‘ಕೂಡಿಸಲ್ಪಡುವುದು’ ಯಾವ ಘಟನೆಯೆಂದು ಇಬ್ಬರು ಬೋಧಕರನ್ನೂ ಕೇಳಿರಿ. ಯಾರಾದರೂ ದಿನಾಂಕವನ್ನೇ ಹೇಳತೊಡಗಿದರೆ ಆ ದಿನವೂ ಗಳಿಗೆಯೂ ಯಾರಿಗೂ ತಿಳಿಯದೆನ್ನುವ ಮತ್ತಾಯ 24:36ನ್ನು ತೋರಿಸಿರಿ.