ಎಂಟು ಪಟ್ಟೋ, ಹನ್ನೆರಡು ಪಟ್ಟೋ? ಬೈನಾಕ್ಯುಲರ್ ಕೊಳ್ಳುವವರ ಪ್ರಶ್ನೆಗಳು

ಪ್ರಶ್ನೆ: ಹಕ್ಕಿ ನೋಡುವ ಹುಚ್ಚು ಹತ್ತಿ ಆರು ತಿಂಗಳಾಯಿತು. ಗೆಳೆಯನ ಬಳಿ 8×42 ಬೈನಾಕ್ಯುಲರ್ ಇದೆ. ಕೊಳ್ಳುವುದೇ ಆದರೆ ಅದಕ್ಕಿಂತ ಶಕ್ತಿಶಾಲಿಯಾದ 12×50 ಕೊಳ್ಳೋಣ ಎಂದುಕೊಂಡಿದ್ದೇನೆ. ಹಕ್ಕಿ ದೊಡ್ಡದಾಗಿ ಕಂಡಷ್ಟೂ ಒಳ್ಳೆಯದಲ್ಲವೇ?

ಉತ್ತರ: ಅಲ್ಲ. ನಾನೂ ಇದೇ ಲೆಕ್ಕ ಹಾಕಿ ಮೊದಲ ಸಲಕ್ಕೇ 12×50 ಕೊಂಡವನು. ಮರದ ಮೇಲೆಲ್ಲೋ ಟಕಟಕ ಸದ್ದು; ಮರಕುಟಿಗ ಎಂದು ತಿಳಿಯಿತು. ಬರಿಗಣ್ಣಿಗೆ ಅದರ ಕೆಂಪು ನೆತ್ತಿಯೂ ಕಂಡಿತು. ಬೈನಾಕ್ಯುಲರ್ ಎತ್ತಿದೆ. ತೊಗಟೆ, ಇನ್ನಷ್ಟು ತೊಗಟೆ, ಒಂದು ಎಲೆ, ಆಕಾಶ. ಕೊಂಬೆ ಯಾವುದೆಂದು ಹುಡುಕುವಷ್ಟರಲ್ಲಿ ಸದ್ದು ನಿಂತಿತ್ತು. ಅಪರೂಪಕ್ಕೆ ಸಿಕ್ಕ ಹಕ್ಕಿಗಳೂ ಗಡಗಡ ನಡುಗುತ್ತಿದ್ದವು. ಅವಕ್ಕೇನೂ ಚಳಿಯಾಗಿರಲಿಲ್ಲ, ಅಲುಗುತ್ತಿದ್ದುದು ನನ್ನ ಕೈ.

8×42 ಎಂಬುದರಲ್ಲಿ ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದನ್ನು ಹೇಳುತ್ತದೆ. ಎಂಟು ಪಟ್ಟು ಎಂದರೆ 80 ಮೀಟರ್ ದೂರದ ಹಕ್ಕಿ 10 ಮೀಟರ್ ದೂರದಲ್ಲಿ ಕುಳಿತಂತೆ ಕಾಣುತ್ತದೆ. ಆದರೆ ಬೈನಾಕ್ಯುಲರ್ ಹಕ್ಕಿಯನ್ನಷ್ಟೇ ಆರಿಸಿ ಹಿಗ್ಗಿಸುವುದಿಲ್ಲ, ಕೈನಡುಕವನ್ನೂ ಅಷ್ಟೇ ಪಟ್ಟು ಹಿಗ್ಗಿಸುತ್ತದೆ. ಜೊತೆಗೆ ನೋಟದ ಹರವು ಕುಗ್ಗುತ್ತದೆ. ಒಂದು ಕಿಲೋಮೀಟರ್ ದೂರದಲ್ಲಿ ಒಳ್ಳೆಯ 8×42 ಸುಮಾರು 130 ಮೀಟರ್ ಅಗಲದ ದೃಶ್ಯ ತೋರಿಸಿದರೆ, 12 ಪಟ್ಟಿನದು ಸಾಮಾನ್ಯವಾಗಿ 100 ಮೀಟರ್ ತೋರಿಸಿದರೆ ಹೆಚ್ಚು. ಎಲೆಗಳ ನಡುವೆ ನೆಗೆದಾಡುವ ಪುಟ್ಟ ಹಕ್ಕಿಯನ್ನು ಹಿಡಿಯಲು ಈ ಹರವೇ ಬೇಕು.

ಎರಡನೆಯ ಅಂಕಿ ಮುಂದಿನ ಮಸೂರದ ವ್ಯಾಸ, ಮಿಲಿಮೀಟರಿನಲ್ಲಿ. ಅದನ್ನು ಮೊದಲ ಅಂಕಿಯಿಂದ ಭಾಗಿಸಿ. 42 ಭಾಗ 8, ಅಂದರೆ ಐದಕ್ಕಿಂತ ಸ್ವಲ್ಪ ಹೆಚ್ಚು. ಹಿಂಬದಿಯಿಂದ ಹೊರಬೀಳುವ ಬೆಳಕಿನ ಬಿಲ್ಲೆಯ ಅಗಲ ಅಷ್ಟು ಮಿಲಿಮೀಟರ್. ನಡುಹಗಲಲ್ಲಿ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿಲಿಮೀಟರಿಗಿಂತ ಹೆಚ್ಚು ತೆರೆದಿರುವುದಿಲ್ಲ. ಜೇಬಿಗೆ ಹಿಡಿಸುವ 10×25ರ ಎರಡೂವರೆ ಮಿಲಿಮೀಟರೂ ಆಗ ಸಾಲುತ್ತದೆ. ಆದರೆ ಹಕ್ಕಿಗಳು ಚುರುಕಾಗುವುದು ಬೆಳಗಿನ ಜಾವ ಮತ್ತು ಸಂಜೆ. ಆ ಹೊತ್ತಿಗೆ ಪಾಪೆ ಹಿಗ್ಗಿರುತ್ತದೆ, 10×25 ಮಂಕಾಗುತ್ತದೆ. ಬಿಲ್ಲೆ ದೊಡ್ಡದಿದ್ದರೆ ಕಣ್ಣು ಅತ್ತಿತ್ತ ಸ್ವಲ್ಪ ಸರಿದರೂ ದೃಶ್ಯ ಕಪ್ಪಾಗುವುದಿಲ್ಲ ಎಂಬುದು ಇನ್ನೊಂದು ಲಾಭ.

ಆದ್ದರಿಂದ ಗೆಳೆಯರದೇ ಸರಿ. ತೂಕ ಹೆಚ್ಚೆನಿಸಿದರೆ 8×32. ಕೆರೆಯ ಆಚೆ ದಡದ ಬಾತುಗಳನ್ನೇ ಹೆಚ್ಚು ನೋಡುವವರು, ಕೈ ಗಟ್ಟಿಯಿರುವವರು 10×42ರವರೆಗೆ ಹೋಗಬಹುದು. ಅದಕ್ಕೂ ಮೇಲೆ ಟ್ರೈಪಾಡ್ ಬೇಕು, ಇಲ್ಲವೇ ಕೈನಡುಕವನ್ನು ತಾನೇ ಸರಿದೂಗಿಸುವ ಬ್ಯಾಟರಿಯ ಬೈನಾಕ್ಯುಲರ್ ಬೇಕು.

ಪ್ರಶ್ನೆ: ಕೊಳವೆಗಳು ನೇರವಾಗಿರುವ ಬೈನಾಕ್ಯುಲರ್ ಒಳ್ಳೆಯದೋ, ಹಳೆಯ ಕಾಲದ ಸೊಟ್ಟ ಆಕಾರದ್ದೋ? ನೇರದ್ದು ಆಧುನಿಕ ಎನ್ನುತ್ತಾರೆ.

ಉತ್ತರ: ಮಸೂರಗಳು ತಲೆಕೆಳಗಾಗಿಸಿದ ಚಿತ್ರವನ್ನು ನೆಟ್ಟಗೆ ಮಾಡಲು ಒಳಗೆ ಪ್ರಿಸಂ ಇರುತ್ತದೆ. ಆಕಾರದ ವ್ಯತ್ಯಾಸ ಅದರಿಂದಲೇ. ಸೊಟ್ಟ ಆಕಾರದ್ದು ಪೊರೊ ಪ್ರಿಸಂ. ಇಟಲಿಯ ಇಗ್ನಾಜಿಯೊ ಪೊರೊ 1854ರಲ್ಲಿ ಪೇಟೆಂಟ್ ಪಡೆದ ಜೋಡಣೆ. ನೇರ ಕೊಳವೆಯದ್ದು ರೂಫ್ ಪ್ರಿಸಂ. ಹೆಸರೇ ಹೇಳುವಂತೆ ಅದರಲ್ಲಿ ಮನೆಯ ಮಾಡಿನ ಹಾಗೆ ಎರಡು ಮುಖಗಳು ಒಂದು ಏಣಿನಲ್ಲಿ ಕೂಡುತ್ತವೆ. ಒಳಬಂದ ಬೆಳಕು ಆ ಏಣಿನಲ್ಲಿ ಎರಡಾಗಿ ಸೀಳಿ ಮತ್ತೆ ಒಂದಾಗುತ್ತದೆ. ಒಂದಾಗುವಾಗ ಎರಡರ ಅಲೆಗಳು ಹೊಂದದೆ ಸೂಕ್ಷ್ಮ ಗೆರೆಗಳು ಮಸುಕಾಗುತ್ತವೆ. ಇದಕ್ಕೆ ಪರಿಹಾರವಾದ ಫೇಸ್ ಲೇಪನವನ್ನು ಜರ್ಮನಿಯ ತ್ಸೈಸ್ (Zeiss) ಕಂಪನಿ 1988ರಲ್ಲಿ ತಂದಿತು. ಈ ಲೇಪನವಿಲ್ಲದ ರೂಫ್ ಬೈನಾಕ್ಯುಲರ್ ನೋಡಲು ಎಷ್ಟೇ ಸೊಗಸಾಗಿರಲಿ, ಬೇಡ.

ರೂಫ್ ಪ್ರಿಸಂ ತಯಾರಿಕೆಗೆ ಬಹಳ ನಿಖರತೆ ಬೇಕು, ಖರ್ಚೂ ಹೆಚ್ಚು. ಕೈಯಲ್ಲಿರುವ ಹಣ ಕಡಿಮೆಯಿದ್ದರೆ ಅಷ್ಟೇ ಬೆಲೆಯ ಪೊರೊ ಸಾಮಾನ್ಯವಾಗಿ ಹೆಚ್ಚು ಚೊಕ್ಕ ಚಿತ್ರ ಕೊಡುತ್ತದೆ; ಹಳೆಯದೆಂದು ಮೂಗು ಮುರಿಯಬೇಡಿ. ಮಳೆಯಲ್ಲಿ ತಿರುಗುವವರಿಗೆ ಮಾತ್ರ ನೈಟ್ರೋಜನ್ ತುಂಬಿ ಮುಚ್ಚಿದ ರೂಫ್ ಮಾದರಿಯೇ ಅನುಕೂಲ, ಒಳಗೆ ಹಬೆ ಕಟ್ಟುವುದಿಲ್ಲ.

ಪೊರೊ ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ. ತೋಳು ಚಾಚಿ ಬೈನಾಕ್ಯುಲರನ್ನು ಬೆಳ್ಳಗಿನ ಗೋಡೆಯತ್ತ ಹಿಡಿದು, ಕಣ್ಣಿಡುವ ಮಸೂರದಲ್ಲಿ ಕಾಣುವ ಬೆಳಕಿನ ಬಿಲ್ಲೆ ನೋಡಿ. ಗುಂಡಗೆ, ಅಂಚಿನವರೆಗೂ ಬೆಳ್ಳಗಿದ್ದರೆ ಪ್ರಿಸಂನ ಗಾಜು ಒಳ್ಳೆಯದು. ನಾಲ್ಕು ಬದಿಯಲ್ಲಿ ಬೂದು ನೆರಳು ಕವಿದು ಬಿಲ್ಲೆ ಚೌಕವಾಗಿ ಕಂಡರೆ ಅಗ್ಗದ ಗಾಜು.

ಪ್ರಶ್ನೆ: ಒಳ್ಳೆಯ ಬೈನಾಕ್ಯುಲರನ್ನೇ ಕೊಂಡಿದ್ದೇನೆ. ಹತ್ತು ನಿಮಿಷ ನೋಡುವುದರೊಳಗೆ ತಲೆನೋವು. ಕಣ್ಣಿನ ವೈದ್ಯರು ಕಣ್ಣು ಸರಿಯಿದೆ ಎಂದರು.

ಉತ್ತರ: ಬಲಗಣ್ಣಿನ ಬಳಿಯ ಸಣ್ಣ ಬಳೆಯನ್ನು ನೀವು ಒಮ್ಮೆಯೂ ತಿರುಗಿಸಿರಲಾರಿರಿ. ಹೆಚ್ಚಿನವರು ಅದನ್ನು ಮುಟ್ಟುವುದೇ ಇಲ್ಲ. ಅದು ಎರಡು ಕಣ್ಣುಗಳ ದೃಷ್ಟಿಯ ವ್ಯತ್ಯಾಸವನ್ನು ಸರಿದೂಗಿಸುವ ಡಯಾಪ್ಟರ್.

ಮೊದಲು ಕೊಳವೆಗಳನ್ನು ಮಡಿಸಿ, ಬಿಡಿಸಿ, ಒಂದೇ ಗುಂಡನೆಯ ದೃಶ್ಯ ಕಾಣುವಂತೆ ಮಾಡಿಕೊಳ್ಳಿ. ಸಿನಿಮಾದಲ್ಲಿ ತೋರಿಸುವ ಹಾಗೆ ಎರಡು ವೃತ್ತ ಅಂಟಿಕೊಂಡಂತೆ ಕಾಣುವುದು ಸಿನಿಮಾದಲ್ಲಿ ಮಾತ್ರ. ಆಮೇಲೆ ದೂರದ ಒಂದು ಫಲಕದ ಅಕ್ಷರಗಳನ್ನು ಆರಿಸಿಕೊಳ್ಳಿ. ಬಲ ಮಸೂರದ ಮುಂಭಾಗವನ್ನು ಅಂಗೈಯಿಂದ ಮುಚ್ಚಿ. ಕಣ್ಣು ಮುಚ್ಚಬೇಡಿ, ಒಂದು ಕಣ್ಣು ಕಿವುಚಿದರೆ ಇನ್ನೊಂದೂ ಬಿಗಿಯುತ್ತದೆ. ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಅಕ್ಷರ ಸ್ಪಷ್ಟವಾಗುವಂತೆ ಮಾಡಿ. ಈಗ ಎಡ ಮಸೂರ ಮುಚ್ಚಿ, ನಡುವಿನ ಚಕ್ರವನ್ನು ಮುಟ್ಟದೆ, ಬಲಬದಿಯ ಬಳೆಯನ್ನಷ್ಟೇ ತಿರುಗಿಸಿ ಅದೇ ಅಕ್ಷರಗಳನ್ನು ಸ್ಪಷ್ಟಗೊಳಿಸಿ. ಬಳೆ ನಿಂತ ಗುರುತನ್ನು ನೆನಪಿಟ್ಟುಕೊಳ್ಳಿ. ಇನ್ನು ಮುಂದೆ ಹತ್ತಿರಕ್ಕೂ ದೂರಕ್ಕೂ ನಡುವಿನ ಚಕ್ರ ಮಾತ್ರ ಸಾಕು. ಮನೆಯಲ್ಲಿ ಇನ್ನೊಬ್ಬರು ಬಳಸಿದರೆ ಮತ್ತೆ ನಿಮ್ಮ ಗುರುತಿಗೆ ತನ್ನಿ.

ಇಷ್ಟಾದರೂ ನೋವು ಹೋಗದಿದ್ದರೆ ಎರಡು ಕೊಳವೆಗಳು ಒಂದೇ ದಿಕ್ಕಿಗೆ ನೋಡದೆ ಇರಬಹುದು. ದೂರದ ಚಾವಣಿಯ ಅಂಚನ್ನು ನೋಡುತ್ತ ಬೈನಾಕ್ಯುಲರನ್ನು ನಿಧಾನವಾಗಿ ಮುಖದಿಂದ ಒಂದು ಗೇಣು ದೂರ ಸರಿಸಿ. ಆ ಗೆರೆ ಎಡದಲ್ಲಿ ಒಂದು ಎತ್ತರಕ್ಕೆ, ಬಲದಲ್ಲಿ ಇನ್ನೊಂದು ಎತ್ತರಕ್ಕೆ ಮುರಿದು ಕಂಡರೆ ಪ್ರಿಸಂ ಜರುಗಿದೆ. ಒಮ್ಮೆ ಕೈಜಾರಿ ಬಿದ್ದರೂ ಸಾಕು, ಹೀಗಾಗುತ್ತದೆ. ಹೊಸದಾದರೆ ಹಿಂತಿರುಗಿಸಿ.

ಪ್ರಶ್ನೆ: ಕನ್ನಡಕ ಹಾಕಿ ನೋಡಿದರೆ ನಡುವೆ ಒಂದು ಚಿಕ್ಕ ಕಿಂಡಿಯಷ್ಟೇ ಕಾಣುತ್ತದೆ. ಏನು ಮಾಡಲಿ?

ಉತ್ತರ: ಕಣ್ಣಿಗೆ ಆನಿಸುವ ರಬ್ಬರ್ ಐಕಪ್‌ಗಳನ್ನು ತಿರುಗಿಸಿ ಅಥವಾ ಮಡಚಿ ಪೂರ್ತಿ ಒಳಗೆ ತಳ್ಳಿದ್ದೀರಾ? ತಳ್ಳಿಯೂ ಕಿಂಡಿಯೇ ಆದರೆ ನಿಮ್ಮ ಬೈನಾಕ್ಯುಲರಿನ ಐ ರಿಲೀಫ್ ಸಾಲದು. ಪೂರ್ತಿ ದೃಶ್ಯ ಕಾಣಬೇಕಾದರೆ ಮಸೂರದಿಂದ ಕಣ್ಣು ಹೆಚ್ಚೆಂದರೆ ಎಷ್ಟು ದೂರವಿರಬಹುದು ಎಂಬ ಅಳತೆ ಅದು. ಕನ್ನಡಕದವರಿಗೆ ಕನಿಷ್ಠ 15 ಮಿಲಿಮೀಟರ್ ಬೇಕು. 17, 18 ಇದ್ದರೆ ನೆಮ್ಮದಿ. ಬರೀ ಸಮೀಪದೃಷ್ಟಿ ಅಥವಾ ದೂರದೃಷ್ಟಿಯ ದೋಷವಾದರೆ ಕನ್ನಡಕ ತೆಗೆದೇ ನೋಡಬಹುದು, ಫೋಕಸ್ ಚಕ್ರವೇ ಅದನ್ನು ಸರಿಮಾಡುತ್ತದೆ. ಅಸ್ಟಿಗ್ಮ್ಯಾಟಿಸಂ, ಅಂದರೆ ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮವಿಲ್ಲದ ದೋಷ, ಹೆಚ್ಚಿದ್ದರೆ ಆಗದು. ಆದರೂ ಕನ್ನಡಕ ಹಾಕಿಯೇ ನೋಡುವ ಅಭ್ಯಾಸ ಒಳ್ಳೆಯದು. ತೆಗೆದು, ಜೇಬಿಗಿಟ್ಟು, ಬೈನಾಕ್ಯುಲರ್ ಎತ್ತುವಷ್ಟು ವ್ಯವಧಾನ ಹಕ್ಕಿಗೆ ಇರುವುದಿಲ್ಲ.

ಪ್ರಶ್ನೆ: ಆನ್‌ಲೈನ್‌ನಲ್ಲಿ 20–180×100 ಜೂಮ್ ಬೈನಾಕ್ಯುಲರ್ ಬಹಳ ಅಗ್ಗಕ್ಕೆ ಸಿಗುತ್ತಿದೆ. ಮಸೂರ ಮಾಣಿಕ್ಯದಂತೆ ಕೆಂಪಗಿದೆ.

ಉತ್ತರ: ಬಿಡಿ. 100 ಭಾಗ 180 ಎಂದರೆ ಅರ್ಧ ಮಿಲಿಮೀಟರಿನ ಬೆಳಕು, ಅದೂ ಪೆಟ್ಟಿಗೆ ನಿಜ ಹೇಳುತ್ತಿದ್ದರೆ. ಒಂದು ಸ್ಕೇಲ್ ಹಿಡಿದು ಮುಂದಿನ ಮಸೂರ ಅಳೆದರೆ ಆ ನೂರು ಎಲ್ಲಿ ಹೋಯಿತೆಂದು ಹುಡುಕಬೇಕಾಗಬಹುದು. ಕೆಂಪು ಲೇಪನ ಕೆಂಪು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ, ಹಾಗಾಗಿ ನಿಮಗೆ ಕಾಣುವ ಹಕ್ಕಿ ಹಸಿರು ನೀಲಿ ಛಾಯೆಯದ್ದು. ಪ್ರತಿಫಲನ ತಡೆಯುವ ಒಳ್ಳೆಯ ಲೇಪನ ಮಂದವಾಗಿ, ತುಸು ಹಸಿರಾಗಿಯೋ ನೇರಳೆಯಾಗಿಯೋ ಕಾಣುತ್ತದೆ.

ಪ್ರಶ್ನೆ: ನನಗೆ ಅರವತ್ತೆರಡು. ರಾತ್ರಿ ನಕ್ಷತ್ರ ನೋಡಲು 7×50 ಉತ್ತಮ ಎಂದು ಓದಿದೆ. ಸರಿಯೇ?

ಉತ್ತರ: ನಿಮಗಲ್ಲ, ನಿಮ್ಮ ಮೊಮ್ಮಗನಿಗೆ ಸರಿ. 7×50ರ ಬೆಳಕಿನ ಬಿಲ್ಲೆ ಏಳು ಮಿಲಿಮೀಟರ್. ಕತ್ತಲಲ್ಲಿ ಎಳೆಯರ ಪಾಪೆ ಅಷ್ಟು ತೆರೆದೀತು. ನಮ್ಮ ವಯಸ್ಸಿನವರದ್ದು ಸಾಮಾನ್ಯವಾಗಿ ಐದರ ಆಸುಪಾಸಿನಲ್ಲೇ ನಿಲ್ಲುತ್ತದೆ, ಮಿಕ್ಕ ಬೆಳಕು ಪಾಪೆಯ ಹೊರಗೇ ಬಿದ್ದು ವ್ಯರ್ಥ. 10×50 ಕೊಳ್ಳಿ. ಹಿಂದಕ್ಕೆ ಒರಗುವ ಕುರ್ಚಿಯಲ್ಲಿ ಕುಳಿತು ಮೊಣಕೈಗಳನ್ನು ಅದರ ಕೈಗಳ ಮೇಲೆ ಊರಿ. ಕೃತ್ತಿಕೆಯ ಹತ್ತಾರು ನಕ್ಷತ್ರಗಳು, ಗುರುಗ್ರಹದ ಪಕ್ಕದಲ್ಲಿ ಚುಕ್ಕೆಗಳಾಗಿ ಸಾಲುಗಟ್ಟಿದ ಉಪಗ್ರಹಗಳು, ಚಂದ್ರನ ಕುಳಿಗಳು ಕಾಣುತ್ತವೆ. ಶನಿಯ ಉಂಗುರ ಕಾಣುವುದಿಲ್ಲ. ಕಂಡಿತೆಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ. ಹಗಲಲ್ಲಿ ಸೂರ್ಯನತ್ತ ಮಾತ್ರ ಒಂದು ಕ್ಷಣವೂ ತಿರುಗಿಸಬೇಡಿ, ಕಣ್ಣು ಶಾಶ್ವತವಾಗಿ ಹೋಗುತ್ತದೆ.

ಪ್ರಶ್ನೆ: ಮಸೂರ ಒರೆಸಲು ಯಾವ ಬಟ್ಟೆ?

ಉತ್ತರ: ಮೊದಲು ಬಟ್ಟೆಯೇ ಬೇಡ. ಧೂಳಿನಲ್ಲಿ ಮರಳಿನ ಕಣವಿರುತ್ತದೆ, ಒರೆಸಿದರೆ ಅದು ಲೇಪನವನ್ನು ಗೀರುತ್ತದೆ. ರಬ್ಬರ್ ಊದುಕದಿಂದ ಗಾಳಿ ಹಾಯಿಸಿ, ಮೆತ್ತನೆಯ ಕುಂಚದಿಂದ ಧೂಳು ಕೊಡವಿ, ಆಮೇಲೆ ಬೆರಳಿನ ಜಿಡ್ಡಿದ್ದರೆ ಮಾತ್ರ ಮಸೂರಕ್ಕೆಂದೇ ಇರುವ ಮೈಕ್ರೋಫೈಬರ್ ಬಟ್ಟೆ. ಅಂಗಿಯ ತುದಿ ಬೇಡವೇ ಬೇಡ. ತೇವದ ದಿನಗಳಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿದ ಡಬ್ಬಿಯಲ್ಲಿಡಿ, ಇಲ್ಲವಾದರೆ ಮಸೂರದ ಒಳಗೆ ಜೇಡನ ಎಳೆಯಂಥ ಬೂಸ್ಟು ಹಬ್ಬುತ್ತದೆ. ಆಗಲೇ ಹಬ್ಬಿದ್ದರೆ ತಿರುಪು ಬಿಚ್ಚಲು ಹೋಗಬೇಡಿ, ರಿಪೇರಿ ಬಲ್ಲವರಿಗೆ ಕೊಡಿ.