ಓದುಗರ ಪ್ರಶ್ನೆ: ಅಲಿಸನ್ ಬ್ರೌನ್ ಅವರ ಬ್ಯಾಂಜೋ ಮತ್ತು ಧ್ವನಿಮುದ್ರಣದ ಬದುಕು

ಪ್ರಶ್ನೆ: ಅಮೆರಿಕದ ಬ್ಯಾಂಜೋ ವಾದಕಿ ಅಲಿಸನ್ ಬ್ರೌನ್ ಅವರು ಬ್ಯಾಂಕಿಂಗ್ ಉದ್ಯೋಗವನ್ನು ಬಿಟ್ಟು ಸಂಗೀತಕ್ಕೆ ಬಂದವರೆಂದು ಕೇಳಿದ್ದೇನೆ. ಇದು ನಿಜವೇ?

ಉತ್ತರ: ನಿಜ. ಆದರೆ ಸಂಗೀತಕ್ಕೆ ಬಂದರು ಎನ್ನುವುದಕ್ಕಿಂತ ಮರಳಿದರು ಎಂದರೆ ಹೆಚ್ಚು ಸರಿಯಾದೀತು. 1962ರಲ್ಲಿ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ನಗರದಲ್ಲಿ ಹುಟ್ಟಿದ ಬ್ರೌನ್, ಹತ್ತು ವರ್ಷದ ಆಸುಪಾಸಿನಲ್ಲಿಯೇ ಬ್ಯಾಂಜೋ ಕೈಗೆತ್ತಿಕೊಂಡಿದ್ದರು. ಕುಟುಂಬವು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಮೇಲೆ, ಮುಂದೆ ಹೆಸರಾಂತ ಪಿಟೀಲು ವಾದಕರಾದ ಸ್ಟುವರ್ಟ್ ಡಂಕನ್ ಅವರ ಜೊತೆ ಸಿಕ್ಕಿತು. 1978ರ ಬೇಸಿಗೆಯಲ್ಲಿ ಈ ಇಬ್ಬರು ಹದಿಹರೆಯದವರು ಉತ್ಸವದಿಂದ ಉತ್ಸವಕ್ಕೆ, ಸ್ಪರ್ಧೆಯಿಂದ ಸ್ಪರ್ಧೆಗೆ ದೇಶವನ್ನೇ ಸುತ್ತಿದರು. ಕೆನಡಾದ ರಾಷ್ಟ್ರೀಯ ಐದು ತಂತಿ ಬ್ಯಾಂಜೋ ಸ್ಪರ್ಧೆಯಲ್ಲಿ ಬ್ರೌನ್ ಮೊದಲ ಸ್ಥಾನ ಪಡೆದರು. ಇಷ್ಟಾದ ಮೇಲೆಯೇ ಅವರು ಹಾರ್ವರ್ಡ್‌ನಲ್ಲಿ ಇತಿಹಾಸ ಮತ್ತು ಸಾಹಿತ್ಯವನ್ನೂ, ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಎಂಬಿಎಯನ್ನೂ ಓದಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಎರಡು ವರ್ಷ ಹೂಡಿಕೆ ಬ್ಯಾಂಕಿಂಗ್ ಕ್ಷೇತ್ರದಲ್ಲಿ ದುಡಿದದ್ದು.

ಆ ಕೆಲಸವನ್ನು ಬಿಟ್ಟು ಸ್ವರ ಸಂಯೋಜನೆಯಲ್ಲಿ ತೊಡಗಿದ್ದಾಗ ಗಾಯಕಿ ಅಲಿಸನ್ ಕ್ರೌಸ್ ಅವರ ಯೂನಿಯನ್ ಸ್ಟೇಷನ್ ತಂಡದಿಂದ ಕರೆ ಬಂತು. 1990ರಲ್ಲಿ, ತಂಡದಲ್ಲಿ ಇರುವಾಗಲೇ, ಮ್ಯಾಂಡೊಲಿನ್ ವಾದಕ ಡೇವಿಡ್ ಗ್ರಿಸ್‌ಮನ್ ಅವರ ನಿರ್ಮಾಣದಲ್ಲಿ ತಮ್ಮ ಮೊದಲ ಸ್ವಂತ ಆಲ್ಬಂ 'ಸಿಂಪಲ್ ಪ್ಲೆಶರ್ಸ್' ತಂದರು. ಮರುವರ್ಷ ಅಂತರರಾಷ್ಟ್ರೀಯ ಬ್ಲೂಗ್ರಾಸ್ (ತಂತಿವಾದ್ಯಗಳ ಮೇಲೆ ನಿಂತ, ಅಮೆರಿಕದ ಜನಪದ ಮೂಲದ ಶೈಲಿ) ಸಂಗೀತ ಸಂಘವು ಅವರನ್ನು ವರ್ಷದ ಬ್ಯಾಂಜೋ ವಾದಕಿಯೆಂದು ಆರಿಸಿತು. ಆ ಸಂಘದ ವಾದ್ಯ ವಿಭಾಗದ ಪ್ರಶಸ್ತಿ ಮಹಿಳೆಯೊಬ್ಬರಿಗೆ ಸಂದದ್ದು ಅದೇ ಮೊದಲು. ವೇದಿಕೆಯ ಮೇಲೆ ಬ್ಯಾಂಜೋ ಎಂದರೆ ಗಂಡಸರ ಕೈಯ ವಾದ್ಯವೆಂದೇ ನಡೆದುಕೊಂಡು ಬಂದಿದ್ದ ಪರಂಪರೆಯಲ್ಲಿ ಇದು ಸಣ್ಣ ಮಾತಲ್ಲ.

ಪ್ರಶ್ನೆ: ಬ್ಯಾಂಜೋ ಎಂದರೆ ಗುಂಡಿಗಳನ್ನು ಒತ್ತಿ ನುಡಿಸುವ ವಾದ್ಯವೇ?

ಉತ್ತರ: ಗುಂಡಿಗಳಿರುವುದು ಬುಲ್‌ಬುಲ್ ತರಂಗಕ್ಕೆ, ನಮ್ಮಲ್ಲಿ ಅದನ್ನೂ ಬ್ಯಾಂಜೋ ಎಂದು ಕರೆಯುವುದರಿಂದ ಈ ಗೊಂದಲ ಸಹಜ. ಬ್ರೌನ್ ನುಡಿಸುವುದು ಆಫ್ರಿಕನ್ ಮೂಲದ, ಚರ್ಮ ಅಥವಾ ಪ್ಲಾಸ್ಟಿಕ್ ಹಾಳೆ ಬಿಗಿದ ದುಂಡನೆಯ ಮುಖವುಳ್ಳ ಐದು ತಂತಿಯ ವಾದ್ಯ.

ಪ್ರಶ್ನೆ: ಅವರ ಸಂಗೀತವನ್ನು ಕೆಲವರು ಬ್ಲೂಗ್ರಾಸ್ ಎನ್ನುತ್ತಾರೆ, ಕೆಲವರು ಜಾಝ್ ಎನ್ನುತ್ತಾರೆ. ಯಾವುದು ಸರಿ?

ಉತ್ತರ: ಎರಡೂ ಸರಿ, ಕೆಲ್ಟಿಕ್ (ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ) ಮತ್ತು ಲ್ಯಾಟಿನ್ ಲಯಗಳನ್ನೂ ಸೇರಿಸಿಕೊಳ್ಳಬೇಕು. ಇದರ ಹಿಂದಿರುವ ಕಷ್ಟವನ್ನು ಅರಿತರೆ ಅವರ ಸಾಧನೆ ಸ್ಪಷ್ಟವಾಗುತ್ತದೆ. ಬ್ಯಾಂಜೋ ತಂತಿಯ ನಾದ ಹುಟ್ಟಿದ ಕ್ಷಣದಲ್ಲಿಯೇ ಆರತೊಡಗುತ್ತದೆ. ಬ್ಲೂಗ್ರಾಸ್ ಬ್ಯಾಂಜೋ ವಾದಕ ಅರ್ಲ್ ಸ್ಕ್ರಗ್ಸ್ ಪ್ರಸಿದ್ಧಗೊಳಿಸಿದ ಮೂರು ಬೆರಳಿನ ಶೈಲಿಯು ಆ ಬಿಡುವುಗಳನ್ನು ಬಿಡಿ ಸ್ವರಗಳ ಸುರಿಮಳೆಯಿಂದ ತುಂಬುತ್ತದೆ. ವೇಗದ ಬ್ಲೂಗ್ರಾಸ್‌ಗೆ ಇದು ಹೇಳಿ ಮಾಡಿಸಿದಂತಿದೆ. ಆದರೆ ನಿಧಾನವಾದ ಜಾಝ್ ರಾಗವೊಂದನ್ನು ಹಾಡಿಸಬೇಕಾದಾಗ ಅದೇ ಸುರಿಮಳೆ ರಾಗವನ್ನು ಮುಚ್ಚಿಬಿಡುತ್ತದೆ. ಬ್ರೌನ್ ಅಂಥ ಕಡೆ ಸ್ವರಗಳನ್ನು ಕಡಿಮೆ ಮಾಡುತ್ತಾರೆ, ಕೆಲವು ರಚನೆಗಳಿಗೆ ನೈಲಾನ್ ತಂತಿಯ ವಿದ್ಯುತ್ ಬ್ಯಾಂಜೋ ಬಳಸಿ ಮೃದುವಾದ ನಾದ ತರುತ್ತಾರೆ, ಉಳಿದ ಜಾಗವನ್ನು ಪಿಯಾನೋ, ಬಾಸ್ ಮತ್ತು ಡ್ರಮ್‌ಗಳಿಗೆ ಬಿಟ್ಟುಕೊಡುತ್ತಾರೆ. ಎಷ್ಟು ವೇಗವಾಗಿ ನುಡಿಸಬಲ್ಲರೆಂಬುದನ್ನು ಪ್ರತಿ ಸಾಲಿನಲ್ಲಿಯೂ ಸಾಬೀತುಪಡಿಸಲು ಹೊರಡದ ಈ ಸಂಯಮವೇ ನನ್ನನ್ನು ಮತ್ತೆ ಮತ್ತೆ ಅವರ ಆಲ್ಬಂಗಳ ಕಡೆಗೆ ಎಳೆಯುತ್ತದೆ.

ಪ್ರಶ್ನೆ: ಅವರನ್ನು ನಿರ್ಮಾಪಕಿ ಎಂದೂ ಕರೆಯುತ್ತಾರೆ. ಹಾಗೆಂದರೆ ಹಣ ಹೂಡುವವರೇ?

ಉತ್ತರ: ಚಲನಚಿತ್ರದ ಬಳಕೆಯಿಂದಾಗಿ ನಮಗೆ ಹಾಗೆ ತೋರುತ್ತದೆ. ಧ್ವನಿಮುದ್ರಣದಲ್ಲಿ ನಿರ್ಮಾಪಕರ ಕೆಲಸ ಹೆಚ್ಚುಕಡಿಮೆ ಚಿತ್ರ ನಿರ್ದೇಶಕರ ಕೆಲಸದಂಥದ್ದು: ಯಾವ ಹಾಡು, ಯಾವ ಶ್ರುತಿ, ಯಾರ ಪಕ್ಕವಾದ್ಯ, ಹಲವು ಸಲ ಹಾಡಿದ್ದರಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು ಎಂಬುದನ್ನೆಲ್ಲ ಅವರು ಕಲಾವಿದರೊಡನೆ ಕೂತು ನಿರ್ಧರಿಸುತ್ತಾರೆ. ಬ್ರೌನ್ ಅವರ ವಿಷಯದಲ್ಲಿ ಮಾತ್ರ ನಿಮ್ಮ ಊಹೆಯೂ ಅರ್ಧ ನಿಜ, ಏಕೆಂದರೆ 1995ರಲ್ಲಿ ಅವರು ಬಾಸ್ ವಾದಕ ಗ್ಯಾರಿ ವೆಸ್ಟ್ ಅವರೊಂದಿಗೆ ನ್ಯಾಶ್‌ವಿಲ್ ನಗರದಲ್ಲಿ ಕಂಪಾಸ್ ರೆಕಾರ್ಡ್ಸ್ ಎಂಬ ಧ್ವನಿಮುದ್ರಣ ಸಂಸ್ಥೆಯನ್ನು ಕಟ್ಟಿದರು. ಎಂಬಿಎ ಓದು ವ್ಯರ್ಥವಾಯಿತೆಂದು ಮರುಗುವವರು ಇದನ್ನು ಗಮನಿಸಬೇಕು. ಲೆಕ್ಕಪತ್ರವನ್ನು ಓದಬಲ್ಲ ವಾದಕಿಯೊಬ್ಬರು ಇದ್ದುದರಿಂದಲೇ ಆ ಸಣ್ಣ ಸಂಸ್ಥೆ ಬಾಳಿತು, ಬೆಳೆಯಿತು, 2006ರಲ್ಲಿ ಐರಿಷ್ ಸಂಗೀತಕ್ಕೆ ಹೆಸರಾದ ಗ್ರೀನ್ ಲಿನೆಟ್ ಸಂಸ್ಥೆಯ ಧ್ವನಿಮುದ್ರಣಗಳ ಭಂಡಾರವನ್ನೂ ಕೊಂಡುಕೊಂಡಿತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಿರ್ಮಾಪಕಿಯಾಗಿ ಅವರ ಕಿವಿ ಎಂಥದ್ದೆಂದು ತಿಳಿಯಲು 2017ರ 'ಒರಿಜಿನಲ್' ಆಲ್ಬಂ ಕೇಳಬೇಕು. ಮ್ಯಾಂಡೊಲಿನ್ ವಾದಕ, ಬ್ಲೂಗ್ರಾಸ್‌ನ ಹಿರಿಯ ಬಾಬಿ ಆಸ್ಬೋರ್ನ್ ಅವರಿಗೆ ಆಗ 85 ವರ್ಷ. ಆ ವಯಸ್ಸಿನಲ್ಲಿ ಅವರಿಂದ ಬ್ರೌನ್ ಬೀ ಜೀಸ್ ತಂಡದ ಹಾಡೊಂದನ್ನು ಹಾಡಿಸಿದರು, ಅದೂ ಪಾಪ್ ಸಂಗೀತದ ಸೋಂಕಿಲ್ಲದೆ, ಅದು ಮೊದಲಿನಿಂದಲೂ ಅವರದೇ ಹಾಡಾಗಿತ್ತೇನೋ ಎಂಬಂತೆ.

ಪ್ರಶ್ನೆ: ಹೊಸಬರು ಅವರ ಯಾವ ಆಲ್ಬಂನಿಂದ ಕೇಳಲು ಆರಂಭಿಸಬಹುದು?

ಉತ್ತರ: 2000ದ 'ಫೇರ್ ವೆದರ್' ಆಲ್ಬಂನಿಂದ. ಅದರಲ್ಲಿ ಬ್ಯಾಂಜೋ ವಾದಕ ಬೇಲಾ ಫ್ಲೆಕ್ ಅವರೊಡನೆ ನುಡಿಸಿದ 'ಲೀವಿಂಗ್ ಕಾಟನ್‌ಡೇಲ್' ರಚನೆಗೆ 2001ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ಬಳಿಕ 2023ರ 'ಆನ್ ಬ್ಯಾಂಜೋ' ಕೇಳಿ. ಅದರಲ್ಲಿ ಶಾಸ್ತ್ರೀಯ ಗಿಟಾರ್ ವಾದಕಿ ಶ್ಯಾರನ್ ಇಸ್ಬಿನ್, ಕ್ಲಾರಿನೆಟ್ ವಾದಕಿ ಅನಾತ್ ಕೊಹೆನ್, ನಾಲ್ವರ ತಂತಿವಾದ್ಯ ತಂಡ ಕ್ರೋನೋಸ್ ಕ್ವಾರ್ಟೆಟ್ ಮೊದಲಾದವರು ಜೊತೆಗಿದ್ದಾರೆ. ಅವರೊಂದಿಗೆ, ನಾಲ್ಕು ದಶಕಗಳ ಹಿಂದೆ ಕ್ಯಾಲಿಫೋರ್ನಿಯಾದಿಂದ ಒಟ್ಟಿಗೆ ಹೊರಟಿದ್ದ ಅದೇ ಸ್ಟುವರ್ಟ್ ಡಂಕನ್ ಕೂಡ.